ಎಡಗಡೆಯ ಖಾಲಿ ಜಾಗ

ಆ ಖಾಲಿ ಜಾಗ ಕಸವಲ್ಲ ಎಂದು ಚೈತ್ರ ಬಾಯಿ ನೋಯುವಷ್ಟು ಸಲ ಹೇಳಿದ್ದಳು. ಧರ್ಮೇಶನ ಕಿವಿಗೆ ಹೋದರೆ ತಾನೆ!

೨೦೦೭ರಲ್ಲಿ ಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಎಂಟು ಕಂಪ್ಯೂಟರ್ ಹಾಕಿಕೊಂಡಿದ್ದ ಈ ಮಹಾಶಯ, ಹೊರದೇಶದ ಸಂಸ್ಥೆಯೊಂದರ ಸುರಕ್ಷತಾ ನಿಯಮಗಳ ಕೆಲಸ ಹಿಡಿದಿದ್ದ. ಹಳೆಯ ಫೈಲುಗಳಲ್ಲಿ ಬರೀ ಅಕ್ಷರ. ಇದು ನಿಯಮ, ಇದು ಸಲಹೆ ಎಂದು ಒಂದೊಂದು ಮಾತಿಗೂ ಹಿಂದೆ ಮುಂದೆ ಟ್ಯಾಗ್ ಎಂಬ ಚೀಟಿ ಹಾಕಿ, ಕಂಪ್ಯೂಟರಿಗೆ ತಿಳಿಯುವ ಎಕ್ಸ್‌ಎಂಎಲ್ ರೂಪಕ್ಕೆ ತಂದುಕೊಡಬೇಕು. ಯಾವ ಮಾತು ಯಾವುದಕ್ಕೆ ಸೇರಿದ್ದು ಎಂಬುದಕ್ಕೆ ಹಳೆಯ ಫೈಲಿನಲ್ಲಿದ್ದ ಗುರುತು ಒಂದೇ, ಸಾಲಿನ ಎಡಗಡೆ ಬಿಟ್ಟ ಜಾಗ. ಬೇಗ ಮುಗಿಯಲೆಂದು ಧರ್ಮೇಶ ಅದನ್ನೆಲ್ಲ ಒಂದೇ ಏಟಿಗೆ ಅಳಿಸಿ, ಟ್ಯಾಗ್ ಹಾಕುವುದನ್ನು ಪ್ರೋಗ್ರಾಮಿಗೆ ಒಪ್ಪಿಸಿಬಿಟ್ಟ.

ಕಳಿಸುವ ಮುಂಚೆ ಫೈಲು ಪರಿಶೀಲಿಸುವುದು ಚೈತ್ರಳ ಕೆಲಸ; ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದವಳ ಮೈ ಉರಿದುಹೋಯಿತು. ಎತ್ತರ ಹತ್ತುವವರ ಹಗ್ಗದ ಅಧ್ಯಾಯದಲ್ಲಿ, ‘ಒಮ್ಮೆ ಬೀಳುವವನನ್ನು ತಡೆದ ಹಗ್ಗವನ್ನು ಮತ್ತೆ ಬಳಸಕೂಡದು’ ಎಂಬ ಮಾತು ನಿಯಮದಿಂದ ಜಾರಿ ಸಲಹೆಗಳ ಸಾಲಿನಲ್ಲಿ ಕೂತಿತ್ತು.

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಮರ ಹತ್ತಿ ಅಡಿಕೆ ಕೊನೆ ತೆಗೆಯುತ್ತಿದ್ದ ಅವಳ ಅಣ್ಣ ಕಿರಣ ಮರದಿಂದ ಜಾರಿದ ದಿನ ಹಗ್ಗ ಅವನನ್ನು ಉಳಿಸಿತ್ತು. ಮಾರನೆಯ ದಿನ ಅದೇ ಹಗ್ಗ ಕಟ್ಟಿಕೊಂಡು ಹತ್ತಿದ, ಅದು ಹರಿಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ. ಬೇಡವೆಂದು ಹೇಳಲು ಅಂದು ಯಾರಿಗೂ ತಿಳಿದಿರಲಿಲ್ಲ.

“ಧರ್ಮೇಶಣ್ಣ, ಇದು ಹೀಗೇ ಹೋದ್ರೆ ಯಾರಾದ್ರೂ ಸಾಯ್ತಾರೆ. ಮೊದಲಿಂದ ಮಾಡ್ಬೇಕು.”

“ನಾನೂರು ಪುಟ ಮಾರಾಯ್ತಿ! ಎಲ್ಲ ಸರಿ ಉಂಟು ಅಂತ ಕಂಪ್ಯೂಟರ‍್ರೇ ಪಾಸ್ ಮಾಡಿದೆ. ನಿಂದೆಂತ ಹೊಸ ತಕರಾರು?”

“ಟ್ಯಾಗ್ ತೆರೆದದ್ದು, ಮುಚ್ಚಿದ್ದು ನೋಡ್ತದೆ ಅಷ್ಟೆ. ಒಳಗಿನ ಮಾತು ಅದಕ್ಕೆಂತ ಗೊತ್ತು?”

“ತಲೆ ತಿನ್ಬೇಡ. ಪರಿಶೀಲಿಸಿದವರು ಅನ್ನೋ ಕಡೆ ಹೆಸರು ಹಾಕು, ಕಳಿಸ್ತೀನಿ.”

ಪ್ರತಿ ಫೈಲಿಗೂ ಅವಳದೇ ಹೆಸರು ಹೋಗುತ್ತಿತ್ತು, ಅವನ ಅವಸರಕ್ಕೆಲ್ಲ ಇವಳ ಹೆಸರು! ಚೈತ್ರ ಹಲ್ಲು ಕಚ್ಚಿಕೊಂಡು ಟೈಪ್ ಮಾಡಿ, ಕುರ್ಚಿ ಬಿಟ್ಟು ಎದ್ದಳು. ಕಳಿಸಲು ಬಂದು ಕೂತ ಧರ್ಮೇಶನ ಮುಖ ಬಿಳಿಚಿಕೊಂಡಿತು.

“ನನ್ನ ಹೆಸರು ಯಾಕೆ ಹಾಕಿದೀಯ? ನಾಳೆ ಎಂತಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರ್ತದಲ್ಲ!”

“ಹೌದು, ಬರ್ತದೆ. ಕಳಿಸಿ.”

ಅವನು ಮೌಸಿನಿಂದ ಕೈ ತೆಗೆದ. ಹಳೆಯ ಫೈಲನ್ನು ಮೊದಲ ಪುಟದಿಂದ ತೆರೆಯಿರಿ ಎಂದು ಎಲ್ಲರಿಗೂ ಹೇಳಿದ.

ಗೆದ್ದರೂ ಚೈತ್ರಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಯಾರದೋ ಜೀವ ಹೋಗುತ್ತದೆ ಎಂದಾಗ ಕದಲದ ಮನುಷ್ಯ ತನ್ನ ಹೆಸರು ಕಂಡದ್ದೇ ನಡುಗಿಬಿಟ್ಟಿದ್ದ.