ಬಾಗಿಲು ತಟ್ಟುವ ಚಿಕ್ಕಮಾವ

ಉಡ ಆಹಾರ ಬಿಟ್ಟದ್ದು ತನ್ನಿಂದಲೇ ಎಂಬ ಯೋಚನೆ ಅವಳನ್ನು ಉಡದ ಪಟ್ಟಿನಂತೆಯೇ ಹಿಡಿದಿತ್ತು. ಮಗುವಿಗೆ ಉಣಿಸುವಾಗಲೂ ಸಡಿಲದು, ಒಗೆದ ಬಟ್ಟೆ ಮಡಿಸುವಾಗಲಂತೂ ಇನ್ನಷ್ಟು ಬಿಗಿ.

ಗಂಡನ ಚಿಕ್ಕಪ್ಪ, ಅವಳ ಚಿಕ್ಕಮಾವ, ಮೃಗಾಲಯದ ವೈದ್ಯರು. ಬಾಗಿಲು ತಟ್ಟದೆ ಯಾವ ಕೋಣೆಗೂ ಕಾಲಿಡದ ಮನುಷ್ಯ. ತೊಟ್ಟಿಲಿದ್ದ ಕೋಣೆಗೂ ತಟ್ಟುವರು, ಕಾಲು ಸುಟ್ಟುಕೊಂಡ ಉಡವೊಂದನ್ನು ಅನುಮತಿ ಪಡೆದು ಸಾಕಿದ್ದ ಮಹಡಿಯ ಕೋಣೆಗೂ ತಟ್ಟಿ, "ಬರಬಹುದಾ?" ಎಂದು ಕೇಳಿ, ಉತ್ತರ ಬಂದಂತೆ ತಲೆದೂಗಿ ಒಳಹೋಗುವರು. ನಡಿಗೆ ನೀರಿನಲ್ಲಿ ನಡೆದಷ್ಟು ನಿಧಾನ. ಕೈ ಭುಜದಿಂದ ಮೇಲೇಳದು, ಏಕೆಂದರೆ ಮೇಲಿನಿಂದ ಬೀಳುವ ನೆರಳೆಲ್ಲ ಉಡದ ಪಾಲಿಗೆ ಹದ್ದು. ಮನೆಯಲ್ಲಿ ಸದಾ ಒಂದೇ ಖಾಕಿ ಕೋಟು. ಅದಕ್ಕೆ ಸೋಪು ಸೋಕುವಂತಿಲ್ಲ.

"ಚಿಕ್ಕಪ್ಪ, ಆ ಕೋಟು ಇನ್ನೇನು ತಾನೇ ಎದ್ದು ನಡೆಯತ್ತೆ" ಎಂದು ಗಂಡ ಛೇಡಿಸಿದರೆ, "ಉಡಕ್ಕೆ ನನ್ನ ಮುಖ ಗೊತ್ತಿಲ್ಲ ಕಣೋ, ಕೋಟಿನ ವಾಸನೆಯೇ ಗೊತ್ತು" ಎನ್ನುವರು. ನಿಜಕ್ಕೂ ಉಡ ಅದರ ತೋಳಿನೊಳಗೆ ತಲೆ ತೂರಿಸಿ ನಿದ್ದೆಹೋಗುತ್ತಿತ್ತು.

ಮಗು ಅಂಬೆಗಾಲಿಟ್ಟಿದ್ದೇ ಅವಳಿಗೆ ಭಯ ಹತ್ತಿತು: ರೋಗಾಣು, ಉಗುರು, ಹಲ್ಲು. ಉಡ ತಾರಸಿಯ ಬಿಸಿಲುಗೂಡಿನಲ್ಲಿದ್ದ ಒಂದು ಬೆಳಿಗ್ಗೆ, ಚಿಕ್ಕಮಾವ ಕೆಲಸಕ್ಕೆ ಹೋದದ್ದೇ, ಅದರ ಕೋಣೆಯ ತರಗೆಲೆ ಗುಡಿಸಿ, ಅದು ಅಡಗುತ್ತಿದ್ದ ಪೊಳ್ಳು ಮರದ ತುಂಡನ್ನು ಹಿತ್ತಲಿಗೆಸೆದು, ಫಿನೈಲ್ ಹಾಕಿ ತೊಳೆದು, ಎಲ್ಲಿದ್ದರೂ ಕಾಣುವಂತೆ ದೊಡ್ಡ ದೀಪ ಹಾಕಿಸಿದಳು. ಗೂಟದ ಮೇಲಿದ್ದ ಕೋಟನ್ನೂ ಪರಿಮಳದ ಪುಡಿಯಲ್ಲಿ ನೆನೆಸಿ ಒಗೆದಳು.

ಸಂಜೆ ಒಳಗೆ ಬಿಟ್ಟ ಉಡ ಗೋಡೆಯಿಂದ ಗೋಡೆಗೆ ಓಡಿತು, ಗಂಟಲುಬ್ಬಿಸಿ ಬುಸುಗುಟ್ಟಿತು, ಸಮಾಧಾನಪಡಿಸಲು ಬಂದ ಚಿಕ್ಕಮಾವನ ಹೆಬ್ಬೆರಳನ್ನೇ ಕಚ್ಚಿತು.

"ಒಳ್ಳೇದಕ್ಕೇ ಮಾಡ್ದೆ ಚಿಕ್ಕಮಾವ..."

"ಗೊತ್ತಮ್ಮ" ಎಂದರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ. "ಅಡಗೋಕೆ ಜಾಗ ಇಲ್ದಿದ್ರೆ ಯಾರು ತಾನೆ ಸುಮ್ಮನಿರ್ತಾರೆ?"

ಮಗುವಿರುವ ಮನೆಯೆಂದು ಮರುದಿನವೇ ಅದನ್ನು ಮೃಗಾಲಯದ ಸಿಮೆಂಟು ಕೋಣೆಗೆ ಒಯ್ದು, ತಾವೂ ಅಲ್ಲೇ ಉಳಿದರು. ಅಲ್ಲಿ ಅದು ಏನನ್ನೂ ಮುಟ್ಟುತ್ತಿಲ್ಲವಂತೆ. "ಉಳಿಯೋದು ಕಷ್ಟ ಅಂತಾರೆ" ಎಂದ ಗಂಡ.

ಈ ಮಧ್ಯಾಹ್ನ ಮಗು ತುಟಿ ಬಿಗಿದು ಮುಖ ತಿರುಗಿಸಿದಾಗ, ಸೋತು, ಚಮಚ ಅಲ್ಲಿಟ್ಟು ಬಾಗಿಲ ಹಿಂದೆ ನಿಂತಳು. ತುಸು ಹೊತ್ತಿಗೆ ತಟ್ಟೆಯ ಸದ್ದು. ಇಣುಕಿದರೆ ಮಗು ತಾನೇ ಬಾಚಿ ತಿನ್ನುತ್ತಿದೆ. ಚಿಕ್ಕಮಾವನಂಥವರು ಪ್ರಾಣಿಯನ್ನು ಪಳಗಿಸುವವರಲ್ಲ, ಅದರ ಸುತ್ತಲಿನ ನಾಲ್ಕು ಗೋಡೆಗಳನ್ನು ಪಳಗಿಸುವವರು; ಅವರ ಪ್ರೀತಿ ಹೊಸ್ತಿಲಾಚೆ ನಿಂತು ಅಪ್ಪಣೆಗೆ ಕಾಯುತ್ತದೆ, ಆದ್ದರಿಂದಲೇ ಅವರು ಇಲ್ಲದಾಗಷ್ಟೇ ನಮ್ಮ ಕಣ್ಣಿಗೆ ಬೀಳುತ್ತದೆ.

ಬಡಗಿಯನ್ನು ಕರೆಸಿದಳು. ಕೆಲಸ ಮುಗಿದ ಮೇಲೆ ಫೋನು ಮಾಡಿದಳು.

"ಚಿಕ್ಕಮಾವ, ಮೆಟ್ಟಿಲಿಗೆ ಚಿಲಕದ ಗೇಟು ಹಾಕ್ಸಿದೀನಿ. ಮರದ ತುಂಡು ತಂದು ಮತ್ತೆ ಅದರ ಜಾಗದಲ್ಲೇ ಇಟ್ಟಿದೀನಿ. ದೀಪ ತೆಗೆಸ್ದೆ. ನೀವು ಹೊದೀತಿದ್ದ ಹೊದಿಕೆ ಒಗೆದಿಲ್ಲ, ನಿಮ್ಮ ವಾಸನೆ ಇನ್ನೂ ಇದೆ, ಅಲ್ಲೇ ಹಾಸಿದೀನಿ. ನಂಗೆ ಭಯ ಹೋಗಿಲ್ಲ. ಆದ್ರೂ..."

ಆ ಕಡೆಯಿಂದ, ಬಾಗಿಲು ತಟ್ಟಿದಷ್ಟೇ ಮೆಲ್ಲಗೆ:

"ಬರಬಹುದಾ?"