ನೋಡು, ಬಿದ್ದೀ

"ಕೂಸು ಬೀಳಾಕ ಹತ್ತಿರ್ತೈತಿ, ಈ ಡಚ್ ಮಂದಿ 'ಆಮ್ಯಾಲೆ ಬೀಳ್ತೀ' ಅಂತಾರಲ್ರಿ. ಇವ್ರ ತಲಿ ನೆಟ್ಟಗೈತೋ ಇಲ್ಲೋ?"

ಹೆಂಡತಿಯ ಮಾತಿಗೆ ಫೋನಿನಲ್ಲಿ ಗುರುಬಸವರಾಜ ನಕ್ಕ. ಅವನು ಹಾಲೆಂಡಿನ ಹೋಟೆಲೊಂದರಲ್ಲಿ ಅಡುಗೆಗೆ ನಿಂತು ನಾಲ್ಕು ವರ್ಷವಾಗಿತ್ತು. ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಆಕೆ ಮೊದಲು ಆ ದೇಶದ ಮಾತು ಕಲಿತು ಪರೀಕ್ಷೆ ಪಾಸಾಗಬೇಕೆಂದು ಅಲ್ಲಿ ಹೊಸ ಕಾಯ್ದೆ ಬಂದಿತ್ತು. ಹಾಗಾಗಿ ಕೊಟ್ಟೂರಿನ ಮನೆಯಲ್ಲಿ ಸುಕನ್ಯಾ ಕ್ಯಾಸೆಟ್ ಹಾಕಿಕೊಂಡು, ರೊಟ್ಟಿ ಬಡಿಯುವಾಗಲೂ ಬಾಯಿ ಸೊಟ್ಟ ಮಾಡಿ "ಪಾಸ್ ಒಪ್, ಸ್ಟ್ರಾಕ್ಸ್ ಫಾಲ್ ಯೆ" ಅನ್ನುತ್ತಿದ್ದಳು.

"ಪಾಸ್ ಒಪ್ ಅಂದ್ರ ಹುಷಾರ್. ಸ್ಟ್ರಾಕ್ಸ್ ಅಂದ್ರ ಆಮ್ಯಾಲೆ, ಖರೇ. ಎಚ್ಚರಿಕಿ ಕೊಡೋವಾಗ ಹಂಗಲ್ಲ. ನಮ್ಮವ್ವ 'ನೋಡು, ಬಿದ್ದೀ' ಅಂತಾಳಲ್ಲ, ಅದು. ಇನ್ನಾ ಬಿದ್ದಿರಂಗಿಲ್ಲ."

ಎಷ್ಟು ಚಂದ ಹೇಳಿಕೊಟ್ಟನಪ್ಪ! ಸುಕನ್ಯಾ ಅವತ್ತೇ ಅಟ್ಟದ ಮೇಲಿದ್ದ ಸೂಟ್‌ಕೇಸು ಇಳಿಸಿ ಧೂಳು ಒರೆಸಿದಳು.

ಮುಂದಿನ ಭಾನುವಾರ ಪರೀಕ್ಷೆಯ ತಾರೀಕು ಗೊತ್ತಾದ ಸಂಗತಿ ಹೇಳುತ್ತಿದ್ದಳು. ಅವನು ಹೂಂ ಹೂಂ ಅನ್ನುತ್ತಿದ್ದ. ಅವನ ಹಿಂದಿನಿಂದ ಹೆಣ್ಣುದನಿಯೊಂದು ಕೂಗಿತು: "ಪಾಸ್ ಒಪ್, ಸ್ಟ್ರಾಕ್ಸ್ ಫಾಲ್ಟ್ ಹೈ."

ಹೈ ಅಂದರೆ ಅವನು. ನೋಡು, ಬಿದ್ದಾನು.

ಫೋನು ದಡಕ್ಕನೆ ಎಲ್ಲಿಯೋ ಬಿತ್ತು. ಓಡಿದ ಸಪ್ಪಳ. "ಪಾಪಾ" ಎಂದು ಅಪ್ಪನನ್ನು ಕೂಗಿ ಮಗುವೊಂದು ಅತ್ತಿತು. ಸುಮಾರು ಹೊತ್ತಿನ ಮೇಲೆ ಗುರುಬಸವರಾಜ ಏದುಸಿರು ಬಿಡುತ್ತ, "ಟಿವಿ ಗದ್ಲ. ಏನಂದಿ?" ಎಂದ.

ಆ ಹಾಳು ಭಾಷೆ ಬಾರದೆ ಇದ್ದಿದ್ದರೆ ನಂಬಿ ಸುಖವಾಗಿ ಇರುತ್ತಿದ್ದಳು.

"ಟಿವಿ ಒಳಗಿನ ಹುಡುಗನ್ನ ಹಿಡಿಯಾಕ ಓಡಿದ್ರೇನ್ರಿ?"

ಅವನು ದನಿ ತಗ್ಗಿಸಿದ. "ಸುಕನ್ಯಾ, ನೀ ಆ ಪರೀಕ್ಷಾ ಬಿಟ್ಬಿಡು," ಎಂದು ಫೋನಿಟ್ಟ.

"ಏನಂದ ನನ್ ಮಗ?" ಅತ್ತೆ ನಾಗಲಿಂಗಮ್ಮ ಅಡುಗೆಮನೆಯಿಂದ ಬಂದಳು. "ಯಾವಾಗ ಕರಕೊಂಡು ಹೊಕ್ಕಾನಂತ?"

"ಏನೂ ಅನ್ಲಿಲ್ರಿ ಅತ್ತಿ."

ಸುಕನ್ಯಾ ಸ್ಟೂಲು ಎಳೆದು ಹತ್ತಿ, ಖಾಲಿ ಸೂಟ್‌ಕೇಸನ್ನು ಮತ್ತೆ ಅಟ್ಟಕ್ಕೆ ತಳ್ಳಿದಳು. ಸ್ಟೂಲು ಅಲುಗಾಡಿತು. ನಾಗಲಿಂಗಮ್ಮ ಓಡಿ ಬಂದು ಎರಡೂ ಕೈಯಿಂದ ಸ್ಟೂಲು ಹಿಡಿದಳು.

"ಸಾವಕಾಶ್ ಇಳಿಯವ್ವಾ. ನೋಡು, ಬಿದ್ದೀ."

ಸುಕನ್ಯಾ ಇಳಿಯಲಿಲ್ಲ. ಅಟ್ಟದ ಹಲಗೆಗೆ ಹಣೆ ಊರಿ ನಿಂತಳು. ಮುದುಕಿ ಸ್ಟೂಲು ಹಿಡಿದುಕೊಂಡೇ ಇದ್ದಳು.