ಬೆಲ್ಲ ನೀರು

ಬಂದವನು ಲೋಟದ ನೀರನ್ನು ಒಂದೇ ಉಸಿರಿಗೆ ಕುಡಿದ. ಹರಿಣಾಕ್ಷಿ ಬೆಲ್ಲದ ತಟ್ಟೆಯನ್ನು ಅವನ ಮುಂದೆ ಸರಿಸಿದಳು. ಹೆಸರು ಇನ್ನೂ ಕೇಳಿರಲಿಲ್ಲ. ಊರಿನಲ್ಲಿ, ನೆಲ್ಲಿಕಾರಿನ ಅವಳ ಮನೆಯಲ್ಲಿ, ಬಂದವರಿಗೆ ಮೊದಲು ಬೆಲ್ಲ, ನೀರು. ಯಾರು, ಏನು ಎಂಬುದೆಲ್ಲ ಆಮೇಲೆ. ಕೊಲ್ಲಿ ದೇಶದ ಫರ್ವಾನಿಯಾದ ಈ ನಾಲ್ಕನೇ ಮಾಳಿಗೆಗೆ ಬಂದು ಇಪ್ಪತ್ತು ದಿನವಾಗಿತ್ತಷ್ಟೆ. ಯಾರು ಬಡಿದರೂ ಬಾಗಿಲು ತೆಗೆಯಬೇಡ ಎಂದು ಗಂಡ ದಿನಾ ಹೇಳುತ್ತಿದ್ದ. ಆದರೆ ಬಡಿದವನು ತುಳುವಿನಲ್ಲಿ "ಅಕ್ಕ" ಎಂದು ಕರೆದಿದ್ದ. ಅದನ್ನು ಕೇಳಿಯೂ ಸುಮ್ಮನೆ ಕೂತಿರುವುದು ಅವಳಿಗೆ ಗೊತ್ತಿರಲಿಲ್ಲ.

"ಕೆಳಗೆ ಚೆಕಿಂಗ್ ಉಂಟು ಅಕ್ಕ. ಇಲ್ಲಿ ಇರುವ ಪರ್ಮಿಟ್, ನನ್ನ ಇಕಾಮಾ, ಮುಗಿದು ಎರಡು ವರ್ಷ ಆಯ್ತು. ಪೊಲೀಸರು ಹೋಗುವವರೆಗೆ ಕೂತುಕೊಳ್ತೇನೆ. ಮಗಳ ನರ್ಸಿಂಗ್ ಇನ್ನೊಂದು ವರ್ಷ ಉಂಟು. ಅಷ್ಟರವರೆಗೆ ಸಿಕ್ಕಿಬೀಳದಿದ್ದರೆ ಸಾಕು."

ಶುಕ್ರವಾರದ ರಜೆ. ತಲೆ ಒರೆಸುತ್ತ ಬಚ್ಚಲಿನಿಂದ ಬಂದ ಪುರಂದರ ಅಲ್ಲೇ ನಿಂತ. ಅವನಿಗೆ ಗುರುತು ಸಿಗಲಿಲ್ಲ ಎಂದರೆ ಶುದ್ಧ ಸುಳ್ಳು. ಹದಿನಾಲ್ಕು ವರ್ಷದ ಹಿಂದೆ ಹೊಸದಾಗಿ ಬಂದಾಗ, ಎಸ್ಕಲೇಟರ್ ಹತ್ತಲು ಹೆದರಿ ನಿಂತಿದ್ದ ತನ್ನನ್ನು ಕೈಹಿಡಿದು ಹತ್ತಿಸಿದವನೇ ಈ ಕಜೆಟನ್. ರಸ್ತೆ ದಾಟಲು ಕಲಿಸಿದ್ದೂ, ಕೆಲಸ ಸಿಗುವವರೆಗೆ ಮೂರು ತಿಂಗಳು ತನ್ನ ಮಂಚದಲ್ಲೇ ಮಲಗಿಸಿಕೊಂಡಿದ್ದೂ ಅವನೇ.

"ಓ, ಇದು ನಿನ್ನ ಮನೆಯಾ ಪುರಂದರ?" ಕಜೆಟನ್ ನಕ್ಕ. ಬದುಕಿಕೊಂಡೆ ಎನ್ನುವ ನಗು.

"ಚಲೋ ಭಾಯಿ. ಬಾಹರ್," ಎಂದ ಪುರಂದರ.

ಹಿಂದಿ ಕೇಳಿ ಕಜೆಟನ್‌ಗೆ ತಬ್ಬಿಬ್ಬಾಯಿತು. "ನಾನು ಮಾರಾಯ, ಕಜೆಟನ್," ಎಂದು ತುಳುವಿನಲ್ಲೇ ಹೇಳಿದ.

"ಯಲ್ಲಾ. ಖಲಾಸ್." ಹೊರಡು, ಮುಗಿಯಿತು ಎಂದು ಪುರಂದರ ಈಗ ಅರಬಿಯಲ್ಲಿ ಗದರಿದ.

"ಪಾಪ, ಸ್ವಲ್ಪ ಹೊತ್ತು ಇರಲಿ. ನಮ್ಮ ಕಡೆಯವರು," ಎಂದಳು ಹರಿಣಾಕ್ಷಿ.

ಪುರಂದರ ಅವಳತ್ತ ತಿರುಗಿದ. ಅವಳೊಡನೆ ಮಾತ್ರ ತುಳು. "ಇವನು ಇಲ್ಲಿ ಸಿಕ್ಕಿದರೆ ನಮ್ಮಿಬ್ಬರ ವೀಸಾವೂ ಹೋಗ್ತದೆ. ಊರಿಗೆ ಹೋಗಿ ಪುನಃ ಬೀಡಿ ಕಟ್ತೀಯಾ ನೀನು?"

ಹತ್ತನೇ ವಯಸ್ಸಿನಿಂದ ಹೋದ ತಿಂಗಳವರೆಗೂ ಅವಳು ಕಟ್ಟಿದ್ದು ಬೀಡಿಯೇ. ಬಗ್ಗಿ ಕೂತ ಬೆನ್ನುನೋವು ಇನ್ನೂ ಬಿಟ್ಟಿರಲಿಲ್ಲ. ಕಜೆಟನ್‌ನ ಮುಖ ನೋಡಿ ಅವಳಿಗೆ ಕನಿಕರವಾಯಿತು, ನಿಜ. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಎದ್ದು ಹೋಗಿ ಚಿಲಕ ತೆಗೆದವಳು ಅವಳೇ.

"ಹೋಗಿ ಅಣ್ಣ," ಎಂದಳು.

ಅವನು ಮೆಟ್ಟಿಲಿಳಿದು ರಸ್ತೆ ತಲುಪುವಷ್ಟರಲ್ಲೇ ಹಿಡಿದರು. ಯಾವ ಮನೆಯಿಂದ ಬಂದೆ ಎಂದು ಪೊಲೀಸಿನವನು ಕಟ್ಟಡದತ್ತ ಕೈಮಾಡಿ ಕೇಳುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಕಜೆಟನ್ ನಾಲ್ಕನೇ ಮಾಳಿಗೆಯತ್ತ ಕತ್ತೆತ್ತಿದ. ಗಂಡಹೆಂಡಿರು ಪರದೆಯ ಹಿಂದೆ ಸರಿದು ಸಂದಿಯಿಂದ ನೋಡಿದರು. ಅವನು ಇಲ್ಲವೆಂದು ತಲೆಯಾಡಿಸಿ, ಖಾಲಿ ರಸ್ತೆಯ ಕಡೆ ಬೆರಳು ತೋರಿಸಿ, ವ್ಯಾನು ಹತ್ತಿದ.

"ಬಚಾವಾದೆವು. ಊಟ ಬಡಿಸು," ಎಂದ ಪುರಂದರ.

ಹರಿಣಾಕ್ಷಿ ಬಂಗುಡೆ ಮೀನಿನ ಗಸಿ ಬಿಸಿ ಮಾಡಿ ಅವನಿಗೆ ಬಡಿಸಿ, ತಾನೂ ಬಡಿಸಿಕೊಂಡಳು. ತನ್ನ ಗಂಟಲಲ್ಲಿ ಇಳಿಯಲಿಕ್ಕಿಲ್ಲ ಎಂದುಕೊಂಡೇ ಕೂತಳು. ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿ ಇನ್ನೊಂದು ಬಂಗುಡೆ ಹಾಕಿಕೊಂಡಳು.